ಇಪ್ಪತ್ಮೂರು ಪದಾರ್ಥ ಬಿಟ್ಟವನ ಮಾತು

ಇಂದಿನ ಸಮಾರಂಭದ ಅಧ್ಯಕ್ಷರೂ, ಒಂದು ಕಾಲಕ್ಕೆ ನನ್ನ ಏಳನೇ ಇಯತ್ತೆಯ ಹಿಂದಿನ ಬೆಂಚಿನ ವಿದ್ಯಾರ್ಥಿಯೂ ಆಗಿದ್ದ ಶ್ರೀ ಸತ್ಯಪ್ಪನವರೇ, ವೇದಿಕೆಯ ಮೇಲಿನ ಗಣ್ಯರೇ, ಮೂಡಲಗಿಯ ಆತ್ಮೋನ್ನತಿ ಬಳಗದ ಸದಸ್ಯರೇ, ತುಕ್ಕಾನಟ್ಟಿಯಿಂದ ಟ್ರ್ಯಾಕ್ಟರ್ ಮಾಡಿಕೊಂಡು ಬಂದಿರುವ ನಮ್ಮೂರ ಜನರೇ, ತಾಯಂದಿರೇ, ಸಭಿಕರೇ,

ನನಗೆ ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಕಿಶೋರ ಅವರು ಸನ್ಮಾನ ಪತ್ರವನ್ನು ಗಂಭೀರವಾಗಿ ಓದಿದರು. ‘ಕ್ರೋಧವನ್ನು ಗೆದ್ದ ಶಾಂತಮೂರ್ತಿ, ನಿವೃತ್ತ ಮುಖ್ಯಾಧ್ಯಾಪಕ ನೇಮಣ್ಣನವರು’ ಎಂದು ಅವರು ಓದುವಾಗ ಯಾವ ನೇಮಣ್ಣ ಇರಬಹುದು ಎಂದು ನಾನೂ ಆಚೆ ಈಚೆ ನೋಡಿದೆ. ಬುಟ್ಟಿಯ ಜೊತೆಗೆ ಗೋಕಾಕದ ಕರದಂಟಿನ ಡಬ್ಬಿಯನ್ನೂ ಇಟ್ಟಿದ್ದೀರಿ. ಅದನ್ನು ಯಾರಾದರೂ ಸ್ವಲ್ಪ ಬಾಜೂಕ್ಕೆ ಸರಿಸಿದರೆ ಉಪಕಾರ. ಬೇಡ, ಇರಲಿ ಬಿಡಿ.

ನನ್ನ ಕಿಸೆಯಲ್ಲಿ ನಾಲ್ಕು ಪುಟಗಳ ಭಾಷಣವಿದೆ. ‘ಆತ್ಮಸುಧಾರಣೆಗೆ ಐದು ಮೆಟ್ಟಿಲು’ ಎಂದು ಹೆಸರು. ಮೊದಲನೇ ಮೆಟ್ಟಿಲು ಚೆನ್ನಾಗಿ ಬಂತು. ಎರಡನೆಯದನ್ನು ಬರೆಯುವಾಗ ಗೊಂದಲವಾಯಿತು. ಉಳಿದ ಮೂರನ್ನು ಯಾಕೆ ಬರೆದೆನೋ ನನಗೇ ತಿಳಿಯದು. ಆದ್ದರಿಂದ ಅದನ್ನು ಓದುವುದಿಲ್ಲ. ನೀವು ನಿರಾಳವಾಗಿ ಕುಳಿತುಕೊಳ್ಳಬಹುದು.

ನನ್ನ ಸಿಟ್ಟಿನ ವಿಷಯ ನಿಮಗೆ ನಾನು ಹೇಳಬೇಕೇ? ಅಧ್ಯಕ್ಷರ ಅಂಗೈಯನ್ನು ಕೇಳಿದರೆ ಅದೇ ಹೇಳುತ್ತದೆ. ಸತ್ಯಪ್ಪನವರು ನಗುತ್ತಿದ್ದಾರೆ; ಆಗ ನಕ್ಕಿರಲಿಲ್ಲ. ಬಸ್ಸಿನ ಕಂಡಕ್ಟರ್ ಮೇಲೆ ಸಿಟ್ಟು, ಪೋಸ್ಟಿನ ಪರಪ್ಪನ ಮೇಲೆ ಸಿಟ್ಟು, ಅನ್ನ ಮೆತ್ತಗಾದರೆ ಸಿಟ್ಟು, ಗಟ್ಟಿಯಾದರೆ ಸಿಟ್ಟು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದೆ. ಅದನ್ನೂ ಸಿಟ್ಟಿನಲ್ಲೇ ಹೇಳಿದೆ.

ಹತ್ತೊಂಬತ್ತುನೂರಾ ತೊಂಬತ್ತಾರರಲ್ಲಿ ಒಂದು ಬೆಳಿಗ್ಗೆ ಬಸದಿಗೆ ಹೋಗಿ ನಿಯಮ ಮಾಡಿಕೊಂಡೆ. ಸಿಟ್ಟು ಬಂದು ಬಾಯಿ ಮಾಡಿದರೆ ಪ್ರತಿ ಸಲವೂ ಒಂದು ಪದಾರ್ಥವನ್ನು ಜೀವನಪೂರ್ತಿ ಬಿಡಬೇಕು. ಗಡ್ಡೆ ಗೆಣಸು ನಾವು ಜೈನರು ಮೊದಲೇ ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಉಳಿದದ್ದರಲ್ಲೇ ಬಿಡುತ್ತಾ ಹೋದೆ. ಶೇಂಗಾ ಹಿಂಡಿ ಬಿಟ್ಟೆ, ಮೊಸರು ಬಿಟ್ಟೆ, ಹೀರೇಕಾಯಿ ಬಿಟ್ಟೆ, ಚಹಾ ಬಿಟ್ಟೆ. ನಮ್ಮ ಮನೆಯವರು, ಅಕ್ಕವ್ವ ಅವರು, ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಅಡುಗೆಮನೆಯ ಬಾಗಿಲ ಹಿಂದೆ ಸುಣ್ಣದ ಕಡ್ಡಿಯಿಂದ ಪಟ್ಟಿ ಬರೆದಿಟ್ಟರು. ಒಂದು ದಿನ ಅದರ ಮುಂದೆ ನಿಂತು, ‘ನೀವು ಸಿಟ್ಟಿಗೆದ್ದಾಗೆಲ್ಲಾ ಒಂದೊಂದು ಪದಾರ್ಥ ಬಿಟ್ರಿ. ನಿಮ್ಮ ಈ ಪಟ್ಟಿ ನೋಡಿ ನನಗ ಸಿಟ್ಟು ಬರತೈತಿ, ನಾ ಏನ್ ಬಿಡ್ಲಿ?’ ಎಂದರು.

ಸನ್ಮಾನ ಪತ್ರದಲ್ಲಿ ಇಪ್ಪತ್ಮೂರು ಪದಾರ್ಥ ಎಂದಿದೆ. ಲೆಕ್ಕ ಸರಿ. ಆದರೆ ಅದರಲ್ಲಿ ಹಾಗಲಕಾಯಿ ಇದೆ, ಕುಂಬಳಕಾಯಿ ಇದೆ. ನಿಜ ಹೇಳುತ್ತೇನೆ, ಹುಟ್ಟಿದಾಗಿನಿಂದ ಅವೆರಡೂ ನನಗೆ ಸೇರುವುದಿಲ್ಲ. ಈ ಮಾತು ಹೇಳಬೇಕೆಂದು ಬಂದಿರಲಿಲ್ಲ. ಬಂದುಬಿಟ್ಟಿತು.

ಆಮೇಲೆ ಬಿಡಲು ಹೆಚ್ಚೇನೂ ಉಳಿಯಲಿಲ್ಲ. ರೊಟ್ಟಿ ಬಿಟ್ಟರೆ ಬದುಕುವುದು ಹೇಗೆ? ಹೀಗಾಗಿ ಸಿಟ್ಟು ಬಂದಾಗ ಮಾತನ್ನೇ ಬಿಟ್ಟೆ. ತುಟಿ ಹೊಲಿದುಕೊಂಡು ಕುಳಿತೆ. ಜನ ‘ಮಾಸ್ತರ ಶಾಂತ ಆದರು’ ಎಂದರು. ಶಾಂತನಾದೆನೇ, ಮೂಕನಾದೆನೇ? ಸಭಿಕರೇ, ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಕಾರ್ಯಕ್ರಮ ಮುಗಿದ ಮೇಲೆ ನನಗೆ ತಿಳಿಸಬೇಕು.

ಪಟ್ಟಿಯ ಮೊದಲನೇ ಪದಾರ್ಥ ಯಾವುದು ಎಂದು ಯಾರೂ ಕೇಳಲಿಲ್ಲ. ಅದು ಕರದಂಟು.

ನನಗೊಬ್ಬ ತಮ್ಮನಿದ್ದಾನೆ, ಗೊಮ್ಮಟೇಶ. ನನಗಿಂತ ಹನ್ನೊಂದು ವರ್ಷಕ್ಕೆ ಸಣ್ಣವನು. ಅಪ್ಪ ತೀರಿಕೊಂಡಾಗ ಅವನಿಗೆ ಆರು ವರ್ಷ. ಹೆಗಲ ಮೇಲೆ ಹೊತ್ತು ಧುಪದಾಳದ ಕಟ್ಟೆಯ ನೀರು ತೋರಿಸಿದವನು ನಾನು, ಅಕ್ಷರ ಕಲಿಸಿದವನು ನಾನು, ಬೈದವನೂ ನಾನು. ತೊಂಬತ್ತಾರರಲ್ಲಿ ಅವನ ಮಗಳು ಮಯೂರಿಯನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ನಿಪ್ಪಾಣಿಯಿಂದ ಬೀಗರು ಬಂದಿದ್ದರು. ಹನ್ನೊಂದು ಗಂಟೆಯೊಳಗೆ ಗೋಕಾಕದಿಂದ ಕರದಂಟು ತಾ ಎಂದು ಗೊಮ್ಮಟೇಶನನ್ನು ಕಳಿಸಿದ್ದೆ. ಬಂದದ್ದು ಎರಡು ಗಂಟೆಗೆ, ಬರಿಗೈಯಲ್ಲಿ. ಬೀಗರ ಮುಂದೆಯೇ ಅವನಿಗೆ ಅಂದೆ. ಏನಂದೆ ಎಂಬುದನ್ನು ಹನ್ನೆರಡು ವರ್ಷ ಯಾರಿಗೂ ಹೇಳಿರಲಿಲ್ಲ. ‘ಮಗಳ ತೊಟ್ಟಿಲಕ್ಕ ಎರಡು ಡಬ್ಬಿ ತರೂ ಯೋಗ್ಯತಾ ಇಲ್ಲ, ನೀ ಎಂಥಾ ಅಪ್ಪ? ನಾ ಹಾಕಿದ ಕೂಳ ದಂಡ ಆತು’ ಅಂದೆ. ಅವನ ಹೆಂಡತಿ ಶುಭಾಂಗಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಅಣ್ಣಂದಿರು ನೆಲ ನೋಡುತ್ತಿದ್ದರು.

ರಾತ್ರಿ ನನಗೆ ನಾಚಿಕೆ ತಡೆಯಲಾಗಲಿಲ್ಲ. ಬೆಳಿಗ್ಗೆ ಎದ್ದು ಬಸದಿಗೆ ಹೋದೆ. ಯಾವ ಪದಾರ್ಥದ ಸಲುವಾಗಿ ನಾಲಿಗೆ ಹೊಲಸಾಯಿತೋ ಅದನ್ನೇ ಮೊದಲು ಬಿಟ್ಟೆ. ನೋಡಿ, ಇದು ಪಶ್ಚಾತ್ತಾಪ. ಇದು ಆತ್ಮಸುಧಾರಣೆ. ನನ್ನ ಪುಟಗಳಲ್ಲಿ ಇದೇ ಮೊದಲನೇ ಮೆಟ್ಟಿಲು.

ಬಸದಿಯಿಂದ ಬಂದು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದೆ. ಗೊಮ್ಮಟೇಶ ಬಂದ. ಮೊದಲ ಬಸ್ಸಿಗೆ ಮತ್ತೆ ಗೋಕಾಕಕ್ಕೆ ಹೋಗಿ ಡಬ್ಬಿ ತಂದಿದ್ದ. ನನ್ನ ಮುಂದೆ ಇಟ್ಟು, ‘ಅಣ್ಣಾ, ತಿನ್ನು’ ಅಂದ. ನಿಯಮವನ್ನು ಬಾಯಿ ಬಿಟ್ಟು ಹೇಳಿದರೆ ಡಂಭವಾಗುತ್ತದೆ ಎಂದು ನನ್ನ ತಿಳಿವಳಿಕೆ. ಅದಕ್ಕೆ ಏನೂ ಹೇಳದೆ ಡಬ್ಬಿಯನ್ನು ಕೈಯಿಂದ ಅವನ ಕಡೆಗೆ ಸರಿಸಿದೆ. ಅವನು ಡಬ್ಬಿ ತೆಗೆದುಕೊಂಡು ಹೋದ.

ಅಷ್ಟೇ ಆದದ್ದು. ಅವನು ನನ್ನ ಕಡೆ ಬರುವುದನ್ನು ಬಿಟ್ಟ. ಅದರಿಂದ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಬಾಯಿ ಮಾಡಿದರೆ ಇನ್ನೊಂದು ಪದಾರ್ಥ ಬಿಡಬೇಕು, ನಿಯಮ. ಹಾಗಾಗಿ ನಾನೂ ಮಾತಾಡಲಿಲ್ಲ. ಅಂಗಳದ ನಡುವೆ ಗೋಡೆ ಎದ್ದಿತು. ಯಾರು ಕಟ್ಟಿಸಿದರು ಎಂದು ಊರವರು ಇಂದಿಗೂ ಮಾತಾಡಿಕೊಳ್ಳುತ್ತಾರೆ. ಗೌಂಡಿಗೆ ಹೇಳಿದವನು ನಾನೇ.

ಈಗ ಇಪ್ಪತ್ತು ದಿನಗಳ ಹಿಂದಿನ ಮಾತು. ನಮ್ಮಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುತ್ತೇವೆ. ನಾನು ಪ್ರತಿ ವರ್ಷ ಕಾರ್ಡು ಅಚ್ಚು ಹಾಕಿಸಿ ಹುಕ್ಕೇರಿಯಿಂದ ಸಾಂಗಲಿಯವರೆಗೆ ನೂರೈವತ್ತು ಜನರಿಗೆ ಕಳಿಸುತ್ತೇನೆ. ‘ತಿಳಿದೋ ತಿಳಿಯದೆಯೋ ಆದ ತಪ್ಪನ್ನು ಕ್ಷಮಿಸಿರಿ.’ ಗೊಮ್ಮಟೇಶನಿಗೂ ಕಳಿಸುತ್ತೇನೆ. ಅಂಚೆಯಲ್ಲಿ. ನಡುವೆ ಒಂದು ಗೋಡೆ, ಅದಕ್ಕೊಂದು ಸ್ಟ್ಯಾಂಪು. ಪರಪ್ಪ ನನ್ನ ಮನೆಯ ಮುಂದೆಯೇ ಹಾಯ್ದು ಆ ಕಾರ್ಡನ್ನು ಅಲ್ಲಿಗೆ ಕೊಟ್ಟುಬರುತ್ತಾನೆ.

ಈ ಸಲ ಶುಭಾಂಗಿ ಕಾರ್ಡನ್ನು ಹಿಡಿದುಕೊಂಡು ನೇರವಾಗಿ ನಮ್ಮ ಪಡಸಾಲೆಗೆ ಬಂದಳು. ‘ಭಾವಾರ, ಇದರಾಗ ಯಾವ ತಪ್ಪು ಅಂತ ಬರದೇ ಇಲ್ಲಲ್ರಿ’ ಅಂದಳು. ‘ಅವತ್ತ ಘಟಪ್ರಭಾದಾಗ ಬಸ್ ಕೆಟ್ಟು ನಿಂತಿತ್ತು. ನಮ್ಮ ಮನಿಯವರು ದೂಡಾಕ ಇಳದ್ರು. ಹಿಂದಿಂದ ಬ್ಯಾರೆ ಗಾಡಿ ಬಂತಂತ ಮಂದಿ ಎಲ್ಲಾ ಅದಕ್ಕ ಹತ್ತಿದ್ರು, ಆ ಗದ್ದಲದಾಗ ಯಾರೋ ಡಬ್ಬಿ ಒಯ್ದ್ರು. ಹುಡುಕಿ ಹುಡುಕಿ ಸಾಕಾಗಿ ನಡಕೋತ ಬಂದಿದ್ರು. ನೀವು ಕೇಳಲೇ ಇಲ್ಲ. ಬೈದದ್ದು ಹೋಗ್ಲಿ, ಬೈಸಿಕೊಂಡ ರೂಢಿ ಇತ್ತು ಅವರಿಗೆ. ಮರುದಿನ ತಂದದ್ದನ್ನ ಯಾಕ್ ಹಿಂದಕ್ಕ ಸರಿಸಿದ್ರಿ? ಅಣ್ಣ ನಾ ತಂದದ್ದು ತಿನ್ನಾಂಗಿಲ್ಲಂತ ಬಸದ್ಯಾಗ ಆಣಿ ಮಾಡ್ಯಾನಂತ ತಿಳಕೊಂಡು ಹನ್ನೆರಡು ವರ್ಷದಿಂದ ಆ ಮನುಷ್ಯ ಕರದಂಟು ಮುಟ್ಟಿಲ್ರಿ.’

ಸಭಿಕರೇ, ಅಂದಿನಿಂದ ನನಗೆ ಏನೂ ತಿಳಿಯುತ್ತಿಲ್ಲ. ನಾನು ಸುಧಾರಿಸಿದ್ದು ಯಾರ ಸಲುವಾಗಿ? ಯಾರಿಗೆ ಅಂದೆನೋ ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲರಿಗೂ ನಾನು ಒಳ್ಳೆಯವನಾದೆ. ಕಂಡಕ್ಟರ್‌ಗೆ ಒಳ್ಳೆಯವನು, ಪರಪ್ಪನಿಗೆ ಒಳ್ಳೆಯವನು, ನೀವು ಶಾಲು ಹೊದಿಸುವಷ್ಟು ಒಳ್ಳೆಯವನು. ಇಪ್ಪತ್ತು ದಿನ ಆ ಗೋಡೆಯ ಹತ್ತಿರ ಹೋಗಿ ಹೋಗಿ ವಾಪಸ್ಸು ಬಂದೆ. ಹೋಗಿ ಏನು ಹೇಳಬೇಕು? ಐದು ಮೆಟ್ಟಿಲು ಬರೆದವನಿಗೆ ಒಂದು ಹೊಸ್ತಿಲು ದಾಟಲಾಗಲಿಲ್ಲ. ನನಗೆ ಬಹಳ ಕೆಟ್ಟದೆನಿಸುತ್ತಿದೆ.

ಮತ್ತೆ, ಈ ಭವನದ ಬಾಗಿಲ ಹತ್ತಿರ ಒಬ್ಬ ಮನುಷ್ಯ ನಿಂತಿದ್ದಾನೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಬೆನ್ನ ಹಿಂದೆ ಶುಭಾಂಗಿ ಇದ್ದಾಳೆ, ಅವಳೇ ದೂಡಿಕೊಂಡು ಬಂದಿರಬೇಕು. ನಾನು ಮಾತು ಶುರು ಮಾಡಿದಾಗಿನಿಂದ ನೋಡುತ್ತಿದ್ದೇನೆ. ಈಗ ಅವನು ಚಪ್ಪಲಿ ಹುಡುಕಾಕತ್ತಾನ.

ಏ ಗೊಮ್ಮಟ್ಯಾ. ಎಲ್ಲಿಗಿ ಹೊಂಟಿ? ನಿಂದರ ಅಲ್ಲೇ. ಹನ್ನೆರಡು ವರ್ಷ ಗ್ವಾಡಿ ಆಚೆ ಕುಂತಿ, ಯಾಕ್ ಸರಿಸಿದಿ ಅಂತ ಒಂದ್ ಮಾತು ಕೇಳಾಕ ನಿನಗ ಬಾಯಿ ಇರಲಿಲ್ಲೇನು? ಕತ್ತೆ ಹಂಗ ಬೆಳದಿ, ಬುದ್ಧಿ ಬೆಳಿಲಿಲ್ಲ. ಒಳಗ ಬಾ.

ಸತ್ಯಪ್ಪಾ, ಸನ್ಮಾನ ಪತ್ರ ಹಿಂದಕ್ಕ ತಗೋ. ಅದರಾಗಿನ ‘ಶಾಂತಮೂರ್ತಿ’ ಹೊಡೆದುಹಾಕು.

ಗೊಮ್ಮಟ್ಯಾ, ಎಲ್ಲಾರ ಮುಂದ ಅಂದಿದ್ನಿ, ಎಲ್ಲಾರ ಮುಂದನ ಕೇಳತೇನಿ. ಯಾಕ್ ತಡ ಆತು ಅಂತ ಕೇಳದ ನಿನಗ ಅಂದ್ನಿ. ಡಬ್ಬಿ ಯಾಕ್ ಸರಿಸಿದ್ನಿ ಅಂತ ನಿನಗ ಹೇಳಲಿಲ್ಲ. ಎರಡೂ ನನ್ನ ತಪ್ಪು. ತಿಳಿದೇ ಮಾಡಿದ್ದು. ಕ್ಷಮಾ ಮಾಡು.

ಈ ಮೇಜಿನ ಮ್ಯಾಲ ಕರದಂಟಿನ ಡಬ್ಬಿ ಐತಿ. ನಾ ತಿನ್ನಾಂಗಿಲ್ಲ, ನಿಯಮ ನಿಯಮಾನ. ನೀ ಇಲ್ಲಿ ಬಂದು ನನ್ನ ಬಾಜೂ ಕುಂತು ತಿನ್ನು. ನಾ ನೋಡ್ತೇನಿ.

ಸಭಿಕರು ಕ್ಷಮಿಸಬೇಕು. ಸುಧಾರಣೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಕೇಳಲು ಬಂದಿದ್ದಿರಿ, ಅದು ನನ್ನಿಂದ ಆಗಲಿಲ್ಲ. ಇನ್ನೂ ಮಾತಾಡುತ್ತಿದ್ದೆನೋ ಏನೋ, ಆದರೆ ಕಿಟಕಿಯಲ್ಲಿ ಹೊತ್ತು ಕೆಳಗಿಳಿದಿದೆ. ಮುಳುಗಿದ ಮೇಲೆ ಅವನೂ ತಿನ್ನುವಂತಿಲ್ಲ. ಅವನು ಅಲ್ಲಿಂದ ಇಲ್ಲಿಗೆ ಬರಬೇಕು, ದಾರಿ ಬಿಡಿ. ಕರೆದವರಿಗೂ ಕೇಳಿದವರಿಗೂ ಧನ್ಯವಾದಗಳು. ನಮಸ್ಕಾರ.