ಬಿಸಿ ಆರುವ ಮೊದಲು

ವಾರ್ಡಿನ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದ ಲಾರಿ ಡ್ರೈವರಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಪಕ್ಕದ ಬೆಂಚಿನ ಅಕ್ಕತಂಗಿಯರದೂ ಅದೇ ಗತಿ. ಅಕ್ಕ ತೊಡೆಯ ಮೇಲಿನ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುವುದು, ಹಾಕುವುದು. ಬೇಡವೆಂದರೂ ಅವರ ಮಾತು ಅವನ ಕಿವಿಗೆ ಬಿತ್ತು.

“ಬಿಸಿ ಆರೋ ಮೊದ್ಲೇ ಮುಚ್ಚಿಬಿಟ್ಯಾ?” ತಂಗಿ ಸಿಡುಕಿದಳು.

“ಬಸ್ಸಿಗೆ ಹೊತ್ತಾಗಿತ್ತು ಕಣೇ.”

“ಹಂದಿ ಚರ್ಮ ಅಕ್ಕ ಅದು, ಹಬೆ ಹಿಡಿದ್ರೆ ರಬ್ಬರ್ ಆಗುತ್ತೆ! ಬೇಯಿಸಿ, ಕೊಬ್ಬು ಕೆರೆದು, ಒಣಗಿಸಿ, ಕರಿದು... ಪಟ್ಟ ಪಾಡೆಲ್ಲ ದಂಡ.”

“ಅಮ್ಮನಿಗೆ ಹೇಗೂ ತಿನ್ನೋಕಾಗಲ್ಲ. ಮೂಗಲ್ಲಿ ಟ್ಯೂಬಿದೆ.”

“ತಿನ್ನೋಕೆಲ್ಲಿ ಕೇಳಿದ್ಲು? ‘ನನ್ನ ಕಿವಿ ಹತ್ರ ಕೂತು ನೀವು ಕುರುಕುರು ಅಂತ ತಿನ್ನಿ, ಆ ಸದ್ದು ಕೇಳ್ಬೇಕು’ ಅಂದ್ಲಲ್ಲ.”

“ಒಂದು ಕಚ್ಚಿ ನೋಡೇ.”

“ನಂಗೆ ಭಯ. ಮೆತ್ತಗಾಗಿದ್ರೆ?”

“ಬೈತಾಳೆ.”

“ಬೈದ್ರೆ ಸಾಕಿತ್ತಕ್ಕ. ಅವಳು ಬೈದು ಎಷ್ಟು ದಿನ ಆಯ್ತು?”

ನರ್ಸ್ ಕರೆದಳು. ಇಬ್ಬರೂ ಡಬ್ಬಿ ಹಿಡಿದು ಒಳಗೆ ಓಡಿದರು. ಅರೆ ತೆರೆದ ಬಾಗಿಲಿನತ್ತ ಡ್ರೈವರ್ ಕಿವಿ ನಿಮಿರಿಸಿ ಕೂತ. ಕುರುಕುರು ಇಲ್ಲ, ಏನಿಲ್ಲ. ಆಮೇಲೆ ಬಳಲಿದ ದನಿಯೊಂದು ಕೇಳಿಸಿತು:

“ಬಿಸಿಬಿಸಿ ಇರುವಾಗ್ಲೇ ಮುಚ್ಚಳ ಹಾಕಿದವಳು ಯಾವಳೇ?”