ಕಲ್ಲಿನ ಮೇಲಿನ ತಾರೀಖು

ಕಲ್ಲು ಕೆತ್ತುವವನ ಅಂಗಡಿಯಲ್ಲಿ ನನಗಿಂತ ಮುಂದೆ ಅತ್ತೆ, ಸೊಸೆ ನಿಂತಿದ್ದರು. ಯುದ್ಧದಲ್ಲಿ ಮಡಿದ ಮಗನ ಸ್ಮಾರಕದ ಕಲ್ಲಿಗೆ ತಾರೀಖೊಂದು ಬಾಕಿ ಇತ್ತು.

"ಹದಿನಾಲ್ಕು ಅಂತ ಹಾಕಪ್ಪ," ಎಂದರು ಅತ್ತೆ.

"ಅದು ನಿಮಗೆ ಸುದ್ದಿ ಮುಟ್ಟಿದ ದಿನ ಅತ್ತೆ. ಅವರು ಹೋಗಿದ್ದು ಹನ್ನೆರಡಕ್ಕೆ."

"ಹದಿಮೂರಕ್ಕೆ ಅವನ ತಂಗಿ ಮದುವೆ ಮಾಡಿದೀವಿ. ಅಣ್ಣ ಸತ್ತ ಮಾರನೇ ದಿನ ಮದುವೆ ಆದೋಳು ಅಂತ ಜನ ಅವಳನ್ನ ಆಡ್ಕೋಬೇಕಾ?"

"ಕೆತ್ತಿದ ಮೇಲೆ ಅಳಿಸೋಕಾಗಲ್ಲ, ಯೋಚನೆ ಮಾಡಿ ಹೇಳಿ," ಎಂದ ಕಲ್ಲು ಕೆತ್ತುವವನು.

"ಹನ್ನೆರಡೇ ಹಾಕಿ," ಎಂದಳು ಸೊಸೆ.

"ಏನೇ ನಿನ್ನ ಹಟ? ಅವತ್ತು ನಮಗ್ಯಾರಿಗೂ ಗೊತ್ತೇ ಇರಲಿಲ್ಲ."

"ನನಗೆ ಗೊತ್ತಿತ್ತು. ಸಂಜೆನೇ ಫೋನ್ ಬಂದಿತ್ತು. ಮದುವೆ ನಿಲ್ಲಬಾರದು ಅಂತ ಬಾಯಿ ಬಿಡಲಿಲ್ಲ. ಮಾರನೇ ದಿನ ಬಂದವರಿಗೆಲ್ಲ ನಾನೇ ಬಡಿಸಿದೆ."

"ನೀನು ಊಟ ಮಾಡಿದ್ಯಾ?"

"ನಿಮ್ಮ ಪಕ್ಕದಲ್ಲೇ ಕೂತು ಮಾಡಿದೆ."

"ಹನ್ನೆರಡೇ ಕೆತ್ತಪ್ಪ," ಎಂದ ಅತ್ತೆ, ಸೊಸೆಗೆ ಕಾಯದೆ ಮೆಟ್ಟಿಲಿಳಿದರು.