ಗಿಳಿ ತಿಂದ ಕರಾರು

ಅಲ್ರಲೇ, ಮೊದಲ ಇದಕ್ಕ ಉತ್ತರಾ ಹೇಳ್ರಿ: ಮಳಿ ಬಂದಿತ್ತು, ಜ್ವಾಳ ಆಳೆತ್ತರ ನಿಂತಿತ್ತು, ಕಳ್ಳ ಬರಲಿಲ್ಲ, ಎರಡೂ ಹೊಲಕ್ಕ ಕಾವಲಿತ್ತು, ಆದ್ರೂ ಸುಗ್ಗಿಗೆ ಎರಡೂ ಮನ್ಯಾಗ ಕಾಳಿಲ್ಲ. ಯಾಕ? ಗೊತ್ತಾಗಂಗಿಲ್ಲ ಬಿಡ್ರಿ. ಜಪಾನದ ಮ್ಯಾಲ ಆ ದೊಡ್ಡ ಬಾಂಬ್ ಬಿತ್ತಲ್ಲ, ಅದರ ಮರುವರ್ಷ. ಯುದ್ಧ ಮುಗಿದ್ರೂ ರೇಷನ್ ಮುಗಿದಿರಲಿಲ್ಲ, ಹುಳಾ ಬಿದ್ದ ಜ್ವಾಳ ತರಾಕ ನಮ್ಮೂರು ಘೋಣಸಗಿಯಿಂದ ಟಿಕೋಟಾಕ್ಕ ನಡಿಬೇಕು. ನಾ ಆಗ ನಾಕನೇ ಇಯತ್ತೆಗೆ ಸಾಲಿ ಬಿಟ್ಟ ಉಡಾಳ, ಮೀಸಿ ಆಗಷ್ಟ ಚಿಗಿತಿತ್ತು. ಬಾಜೂ ಹೊಲದ ಮಲ್ಲ್ಯಾ ಬದುವಿನ ಜಗಳದಾಗ ಕವಣಿ ಬೀಸಿ ನಮ್ಮಕ್ಕ ಗೌರವ್ವನ ಒಂದ ಕಣ್ಣ ಒಡದಿದ್ದ. ಕಣ್ಣಿಗೆ ಕಣ್ಣ ತಗೀತೀನಿ ಅಂತ ನಾನೂ ದಿನಾ ಕವಣಿಗೆ ಕಲ್ಲ ಆರಸ್ತಿದ್ದೆ.

ಒಂದಿನ ಮಾಸ್ತರ್ರು ಕಟ್ಟಿ ಮ್ಯಾಲ ಕುಂತು ವಿಜಾಪುರದಿಂದ ಬಂದ ಪೇಪರ್ ಓದಿದ್ರು. ಅಣುಬಾಂಬ್ ಯಾರೂ ಮಾಡಬಾರ್ದು, ಒಬ್ಬರನ್ನೊಬ್ಬರು ಕಾಯಬೇಕು ಅಂತ ದೊಡ್ಡ ದೊಡ್ಡ ದೇಶದಾವ್ರು ಕರಾರು ಮಾತಾಡಾಕತ್ತಾರಂತ. "ಒಪ್ಪಬೇಕೋ ಬ್ಯಾಡೋ?" ಅಂದ್ರು. ಎಲ್ಲಾರೂ "ಒಪ್ಪಬೇಕ್ರಿ" ಅಂದ್ರು. ನಾ ಎದ್ದೆ. "ಹೊಡದಾವ ಹೊಡದು ಕುಂತಾನ, ಈಗ ಎಲ್ಲಾರೂ ಕೈ ಕಟ್ಟಕೋರಿ ಅಂದ್ರ? ಹೊಡಿಸಿಕೊಂಡಾವ್ರ ಸೇಡು ಯಾರ ತೀರಸ್ತಾರ್ರಿ? ಮತ್ತ ಕವಣಿ ಸುಟ್ರ ಏನಾತು, ಹೆಣಿಯೋ ಕೈ ಐತಲ್ಲ!" ಅಲ್ಲೇ ಕುಂತಿದ್ದ ಮಲ್ಲ್ಯಾ ಕಿಸಕ್ಕಂದ. "ಬಾಂಬ್ ಬಿಟ್ಟು ಕವಣಿಗೆ ಬಂದ್ಯಲ್ಲಲೇ, ನನ್ನ ಹೆಸರೂ ಹೇಳಿಬಿಡು!" ಮಾಸ್ತರ್ರು ಇಬ್ಬರ ರಟ್ಟಿನೂ ಹಿಡದ್ರು. "ಇಲ್ಲೇ ಮಾಡಿ ನೋಡೂನು. ಕವಣಿ ಎರಡೂ ಸುಡ್ರಿ. ಅವನ ಹೊಲಾ ನೀ ಕಾಯಿ, ನಿನ್ನ ಹೊಲಾ ಅವ ಕಾಯಲಿ. ಒಬ್ಬನ ಕೂಳು ಒಬ್ಬನ ಕೈಯಾಗಿದ್ರ ಯಾರೂ ಕೈ ಎತ್ತೂದಿಲ್ಲ."

ನಾ ಒಲ್ಲೆ ಅಂದು ಮನಿಗೆ ಬಂದೆ. ಗೌರವ್ವ ರೊಟ್ಟಿ ಬಡಿಯೂದ ನಿಲ್ಲಿಸಿದ್ಲು. "ಖೋಡಿ, ಒಪ್ಪಕೋ! ಅವನ ವರ್ಷದ ರೊಟ್ಟಿ ನಿನ್ನ ಕೈಯಾಗ ಬರ್ತೈತಿ."

ಒಪ್ಪಿದೆ ನೋಡ್ರಿ! ಮಲ್ಲ್ಯಾನೂ ಒಪ್ಪಿದ, ಕವಣಿ ಎರಡೂ ಸುಟ್ವಿ. ಅವನ ಹೊಲದ ಕಾವಲ ಅಟ್ಟಾ ಏರಿ, ಹಕ್ಕಿ ಓಡಸೂ ಡಬ್ಬಿ ತಲಿದಿಂಬ ಮಾಡಕೊಂಡು ಮಲಗಿದೆ. ಗಿಳಿ ಹಿಂಡಹಿಂಡ ಇಳದ್ವು. "ಉಣ್ರವ್ವಾ, ಸಂಕೋಚ ಮಾಡಬ್ಯಾಡ್ರಿ, ಮಲ್ಲಪ್ಪ ಸಾವಕಾರ್ರ ಊಟ!" ಸುಗ್ಗಿಗೆ ಅವಂದು ಬರೇ ದಂಟು. ನಮ್ಮ ಕಣದಾಗ ರಾಶಿ. ಮಲ್ಲ್ಯಾ ಬಂದು ಗೌರವ್ವನ ಕಾಲ ಹಿಡದು ಗೊಳೋ ಅಂತ ಅತ್ತ.

ಇಲ್ಲಲೇ, ಆ ರಾಶಿ, ಆ ಅಳೂದು, ಅದೆಲ್ಲಾ ನಾ ಕಟ್ಟಿ ಹೇಳಿದ್ದು. ನಮ್ಮ ಹೊಲದಾಗ ಅವನ ಡಬ್ಬಿ ಸಪ್ಪಳಾನೂ ಇಲ್ಲಲಾ ಅಂತ ನನಗ ಹೊಳಿಲೇ ಇಲ್ಲ; ಸುಗ್ಗಿಗೆ ನಮ್ಮದೂ ಬರೇ ದಂಟು. ಟಿಕೋಟಾದ ರೇಷನ್ ಪಾಳಿಯೊಳಗ ಆ ಮಗಾ ಖಾಲಿ ಚೀಲಾ ಹಿಡಕೊಂಡು ನನ್ನ ಮುಂದನ ನಿಂತಿದ್ದ. ಮಂದಿ ಹೊಲಕ್ಕ ಗಿಳಿ ಕರಿಯೂಕಿಂತ ಮೊದಲ, ನಿಮ್ಮ ಹೊಲದ ಅಟ್ಟದ ಮ್ಯಾಲ ಯಾರ ಮಲಗ್ಯಾರ ನೋಡಕೋರಿ.